ಒಂದೇ ಕೇಬಲ್, ಎರಡು ಕವಲು

ಚಾರ್ಮಾಡಿ ಘಾಟಿ ಹತ್ತುವಾಗ ಹಳೇ ಟೂ ಸ್ಟ್ರೋಕ್ ಬೈಕು ಕಾಯುತ್ತದೆ, ಗೋಳಾಡುತ್ತದೆ, ಸೈಲೆನ್ಸರ್ ತುಂಬ ನೀಲಿ ಹೊಗೆ ಉಗುಳುತ್ತದೆ. ನೋಡಿದವರಿಗೆ ಪಾಪ ಅನ್ನಿಸಿದರೂ ಆಗ ಅದು ಕ್ಷೇಮವಾಗಿಯೇ ಇರುತ್ತದೆ. ಅಪಾಯ ಇರುವುದು ಇಳಿಯುವಾಗ. ಕೊಟ್ಟಿಗೆಹಾರ ದಾಟಿ ಕೆಳಗೆ ಹೊರಟ ಸವಾರ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರ್ ಇಳಿಸಿ, ಎಂಜಿನ್ನಿನ ಹಿಡಿತದಲ್ಲೇ ಗಾಡಿಯನ್ನು ಕೆಳಗಿಳಿಸುತ್ತಾನೆ. ಬ್ರೇಕ್ ಕಾಯಬಾರದೆಂಬ ಜಾಣತನ ಅದು. ಫೋರ್ ಸ್ಟ್ರೋಕ್ ಗಾಡಿಗೆ ಇದೇ ಸರಿಯಾದ ಕ್ರಮ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್‌ಗೆ ಮಾತ್ರ ಇದು ಕೇಡಿನ ಹಾದಿ. ಹಿಂದಿನ ಚಕ್ರ ಎಂಜಿನ್ನನ್ನು ಗಿರಗಿರ ತಿರುಗಿಸುತ್ತಿದೆ, ಕಾರ್ಬುರೇಟರ್ ಮುಚ್ಚಿದೆ, ಐಡಲ್ ಜೆಟ್‌ನಿಂದ ಜಿನುಗುವಷ್ಟೇ ಪೆಟ್ರೋಲ್ ಒಳಗೆ ಹೋಗುತ್ತಿದೆ. ಪೆಟ್ರೋಲ್ ಬರಲಿಲ್ಲ ಎಂದರೆ ಅದರ ಜೊತೆಗೆ ಬರಬೇಕಾದ ಎಣ್ಣೆಯೂ ಬರಲಿಲ್ಲ. ಇಳಿಜಾರು ಉದ್ದವಾದರೆ ಪಿಸ್ಟನ್ ಬೋರಿಗೆ ಕಚ್ಚಿಕೊಂಡು ಚಕ್ರ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಗ್ಯಾರೇಜಿನವರು ಹೇಳುವ 'ಸೀಜ್' ಇದೇ.

ಈ ತೊಂದರೆಯ ಬೇರು ಎಂಜಿನ್ನಿನ ಕಟ್ಟೋಣದಲ್ಲಿಯೇ ಇದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಎಣ್ಣೆಯ ಕೊಳ. ಕ್ರ್ಯಾಂಕ್ ತಿರುಗಿದಂತೆ ಎಣ್ಣೆ ಎಲ್ಲ ಕಡೆ ಎರಚಿ, ಮತ್ತೆ ಕೆಳಗಿಳಿದು, ಮತ್ತೆ ಮೇಲೇರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆ ಜಾಗಕ್ಕೆ ಬೇರೆ ಕೆಲಸವಿದೆ. ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ 1890ರ ಆಸುಪಾಸಿನಲ್ಲಿ ರೂಪಿಸಿದ ವಿನ್ಯಾಸದಲ್ಲಿ ಕ್ರ್ಯಾಂಕ್‌ಕೇಸೇ ಗಾಳಿಯ ಪಂಪು. ಪಿಸ್ಟನ್ ಮೇಲೇರಿದಾಗ ಗಾಳಿ-ಪೆಟ್ರೋಲ್ ಮಿಶ್ರಣ ಅದರ ಹೊಟ್ಟೆಯೊಳಗೆ ಬರುತ್ತದೆ, ಇಳಿದಾಗ ಅದುಮಿಸಿಕೊಂಡು ಪಕ್ಕದ ದಾರಿಗಳಿಂದ ಸಿಲಿಂಡರಿಗೆ ನುಗ್ಗುತ್ತದೆ. ವಾಲ್ವ್ ಬೇಡ, ಕ್ಯಾಮ್ ಬೇಡ, ಚಲಿಸುವ ಭಾಗಗಳು ಬೆರಳೆಣಿಕೆಯಷ್ಟು. ಆದರೆ ಇಂಧನ ಹಾದುಹೋಗುವ ಕೋಣೆಯಲ್ಲಿ ಎಣ್ಣೆ ತುಂಬಿಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಎಣ್ಣೆ ಒಂದು ಸಲ ಬಂದು, ಕೆಲಸ ಮುಗಿಸಿ, ಸುಟ್ಟುಹೋಗುತ್ತದೆ. ವಾಪಸ್ ಬರುವ ದಾರಿ ಅದಕ್ಕಿಲ್ಲ.

ಹಾಗಾದರೆ ಎಷ್ಟು ಎಣ್ಣೆ ಬೇಕು? ಅಚ್ಚರಿಯೆಂದರೆ ಬಹಳ ಕಡಿಮೆ. ಟೂ ಸ್ಟ್ರೋಕ್ ಕ್ರ್ಯಾಂಕಿನಲ್ಲಿ ಇರುವುದು ಬಾಲ್ ಮತ್ತು ರೋಲರ್ ಬೇರಿಂಗುಗಳು. ಕಾರಿನ ಎಂಜಿನ್ನಿನ ಶೆಲ್ ಬೇರಿಂಗುಗಳ ಹಾಗೆ ಒತ್ತಡದಲ್ಲಿ ಹರಿಯುವ ಎಣ್ಣೆಯ ಪದರ ಅವಕ್ಕೆ ಬೇಡ, ಮಂಜಿನಂತೆ ಬಂದು ಕೂತ ಹನಿಗಳೇ ಸಾಕು. ಕಾದ ಲೋಹಕ್ಕೆ ತಾಗಿದೊಡನೆ ಪೆಟ್ರೋಲ್ ಆವಿಯಾಗುತ್ತದೆ, ಎಣ್ಣೆ ಅಂಟಿಕೊಂಡು ಉಳಿಯುತ್ತದೆ. ಮಿಕ್ಸ್ ಮಾಡುವ ಪದ್ಧತಿ ಇಷ್ಟು ಕಾಲ ನಡೆದುಬಂದಿದ್ದು ಈ ಸರಳ ಗುಣದಿಂದಲೇ.

ಆ ಪದ್ಧತಿ ನಮ್ಮೂರುಗಳ ಪೆಟ್ರೋಲ್ ಬಂಕಿನಲ್ಲಿ ಹೇಗೆ ಕಾಣುತ್ತಿತ್ತೆಂದು ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಪೆಟ್ರೋಲ್ ಪಂಪಿನ ಪಕ್ಕದಲ್ಲಿ ಕೈಯಿಂದ ಒತ್ತುವ 2ಟಿ ಆಯಿಲ್ ಡಬ್ಬಿ. ಬಂಕಿನ ಹುಡುಗ ಅದರ ಹಿಡಿ ಒತ್ತಿ ಅಳತೆ ಪಾತ್ರೆಗೆ ಎಣ್ಣೆ ಇಳಿಸಿ ಟ್ಯಾಂಕಿಗೆ ಸುರಿಯುತ್ತಿದ್ದ. ಬಜಾಜ್ ಚೇತಕ್ ಇರಲಿ, ಟಿವಿಎಸ್ 50 ಇರಲಿ, ರಾಜದೂತ್ ಇರಲಿ, ಎಲ್ಲಕ್ಕೂ ಅದೇ ನೀರಾವರಿ. ತಿಳಿದವರು ಮೊದಲು ಎಣ್ಣೆ, ಆಮೇಲೆ ಪೆಟ್ರೋಲ್ ಹಾಕಿಸುತ್ತಿದ್ದರು, ಸುರಿಯುವ ರಭಸಕ್ಕೇ ಬೆರೆಯಲಿ ಎಂದು. ಕೆಲವರು ಸ್ಕೂಟರನ್ನು ಆಚೀಚೆ ಅಲುಗಾಡಿಸಿ ಹೊರಡುತ್ತಿದ್ದರು. ಲೆಕ್ಕವೂ ಸುಲಭ. 1:20 ಎಂದರೆ ಲೀಟರಿಗೆ 50 ಮಿ.ಲೀ., 1:50 ಎಂದರೆ 20 ಮಿ.ಲೀ. ಹಳೇ ಗಾಡಿ, ಹಳೇ ಎಣ್ಣೆಗೆ ಜಾಸ್ತಿ ಬೇಕಿತ್ತು, ಎಣ್ಣೆಯ ಗುಣಮಟ್ಟ ಏರಿದಂತೆ ಅಳತೆ ಇಳಿಯಿತು.

ಇಲ್ಲಿ ನಮ್ಮವರ ಒಂದು ಧಾರಾಳತನದ ಬಗ್ಗೆ ಹೇಳಲೇಬೇಕು. 'ಎಂಜಿನ್ ಚೆನ್ನಾಗಿರಲಿ, ಇನ್ನೊಂದ್ ಸ್ವಲ್ಪ ಹಾಕಪ್ಪ' ಎನ್ನುವವರು ಪ್ರತಿ ಬಂಕಿನಲ್ಲೂ ಇದ್ದರು. ಲೀಟರಿಗೆ 25 ಮಿ.ಲೀ. ಹಾಕಬೇಕಾದಲ್ಲಿ 50 ಹಾಕಿದರೆ ಕಾರ್ಬುರೇಟರ್ ಜೆಟ್‌ನಲ್ಲಿ ಹರಿಯುವ ದ್ರವದಲ್ಲಿ ಪೆಟ್ರೋಲಿನ ಪಾಲು ಶೇ 2ಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ, ಎಣ್ಣೆ ದಪ್ಪವಾದ್ದರಿಂದ ಹರಿವೂ ಕೊಂಚ ನಿಧಾನ. ಗಾಳಿ ಮಾತ್ರ ಅಷ್ಟೇ ಬರುತ್ತಿದೆ. ಅಂದರೆ ಮಿಶ್ರಣ ತೆಳುವಾಗಿ ಎಂಜಿನ್ ಇನ್ನಷ್ಟು ಕಾಯುತ್ತದೆ! ಜೊತೆಗೆ ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟುತ್ತದೆ. ಉಪಕಾರ ಮಾಡಹೋಗಿ ಅಪಕಾರ.

ಆದರೆ ಮಿಕ್ಸ್‌ನ ದೊಡ್ಡ ದೋಷ ಅಳತೆ ತಪ್ಪುವುದಲ್ಲ, ಅಳತೆ ಬದಲಾಗದೇ ಇರುವುದು. ಎಂಜಿನ್ನಿಗೆ ಎಣ್ಣೆಯ ಅಗತ್ಯ ಎರಡು ಸಂಗತಿಗಳನ್ನು ನೆಚ್ಚಿಕೊಂಡಿದೆ: ಎಷ್ಟು ವೇಗವಾಗಿ ತಿರುಗುತ್ತಿದೆ, ಎಷ್ಟು ಭಾರ ಎಳೆಯುತ್ತಿದೆ. ಸಿಗ್ನಲ್ಲಿನಲ್ಲಿ ನಿಂತ ಗಾಡಿಗೆ ಬೇಕಾದ ಎಣ್ಣೆ ಹೆದ್ದಾರಿಯಲ್ಲಿ ಪೂರ್ತಿ ಎಳೆದಾಗ ಬೇಕಾದದ್ದರ ಪುಡಿಪಾಲು. ಹಸಿದು ಬಂದವನಿಗೂ ಉಂಡು ಬಂದವನಿಗೂ ಒಂದೇ ಸೌಟು ಅನ್ನ ಬಡಿಸಿದ ಹಾಗೆ ಮಿಕ್ಸ್ ಎಲ್ಲ ಹೊತ್ತಿನಲ್ಲೂ ಒಂದೇ ಪ್ರಮಾಣದಲ್ಲಿ ಕೊಡುತ್ತದೆ. ಪೂರ್ತಿ ಎಳೆದಾಗಿನ ಅಗತ್ಯಕ್ಕೆ ಅಳತೆ ನಿಗದಿ ಮಾಡಿದರೆ ಊರೊಳಗೆ ಹೊಗೆ, ಊರೊಳಗಿನ ಅಗತ್ಯಕ್ಕೆ ಮಾಡಿದರೆ ಹೆದ್ದಾರಿಯಲ್ಲಿ ಸೀಜ್. ಘಾಟಿ ಇಳಿಯುವಾಗಂತೂ ಯಾವ ಅಳತೆಯೂ ಉಪಯೋಗಕ್ಕೆ ಬಾರದು. ಸ್ವೀಡನ್ನಿನ ಸಾಬ್ ಕಂಪನಿ ತನ್ನ ಮೂರು ಸಿಲಿಂಡರಿನ ಟೂ ಸ್ಟ್ರೋಕ್ ಕಾರುಗಳಲ್ಲಿ ಇದಕ್ಕಾಗಿಯೇ ಫ್ರೀ ವೀಲ್ ಇಟ್ಟಿತ್ತು. ಆಕ್ಸಿಲರೇಟರ್ ಬಿಟ್ಟೊಡನೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿದುಹೋಗಿ, ಕಾರು ಸೈಕಲ್ಲಿನ ಹಾಗೆ ತಾನೇ ಉರುಳುತ್ತಿತ್ತು, ಎಂಜಿನ್ ಐಡಲ್‌ನಲ್ಲಿ ನೆಮ್ಮದಿಯಾಗಿರುತ್ತಿತ್ತು. ನಮ್ಮ ಮಲೆನಾಡಿನ ಹಳಬರು ಅದನ್ನೇ ಕೈಯಲ್ಲಿ ಮಾಡುತ್ತಿದ್ದರು: ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ರೇಸ್ ಮಾಡುವುದು.

ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿಟ್ಟು ಪಂಪಿನಿಂದ ಕೊಡುವ ಆಲೋಚನೆ ಹೊಸದೇನಲ್ಲ. ಬ್ರಿಟನ್ನಿನ ವೆಲೊಸೆಟ್ ಕಂಪನಿ 1930ರ ದಶಕದಲ್ಲೇ ತನ್ನ ಜಿಟಿಪಿ ಬೈಕಿನಲ್ಲಿ ಆಕ್ಸಿಲರೇಟರಿಗೆ ಜೋಡಿಸಿದ ಎಣ್ಣೆ ಪಂಪನ್ನು ಕೊಟ್ಟಿತ್ತು. ಆದರೆ ಪೆಟ್ರೋಲಿಗೆ ಎಣ್ಣೆ ಸುರಿಯುವಷ್ಟು ಅಗ್ಗದ ಉಪಾಯ ಕಣ್ಣೆದುರಿಗೇ ಇರುವಾಗ ಪಂಪಿನ ಖರ್ಚು ಯಾರಿಗೆ ಬೇಕು? ಟೂ ಸ್ಟ್ರೋಕ್ ಬಡವರ ಗಾಡಿ ಎಂಬ ಭಾವನೆ ಬಲವಾಗಿದ್ದ ಕಾಲ ಅದು. ಮಾತು ಬದಲಾಯಿಸಿದ್ದು ಜಪಾನ್. ಜರ್ಮನಿಯ ಡಿಕೆಡಬ್ಲ್ಯು ಆರ್‌ಟಿ 125ರ ಮಾದರಿಯಲ್ಲೇ ವೈಎ-1 ತಯಾರಿಸಿ 1955ರಲ್ಲಿ ಬೈಕ್ ವ್ಯಾಪಾರಕ್ಕಿಳಿದ ಯಮಹಾ, 1964ರಲ್ಲಿ ವೈಎ-6 ಎಂಬ 125 ಸಿಸಿ ವರ್ಗದ ಬೈಕಿನಲ್ಲಿ 'ಆಟೊಲ್ಯೂಬ್' ತಂದಿತು. ಬೆನ್ನಿಗೇ ಸುಜುಕಿ ಟಿ-20 ಬೈಕಿನಲ್ಲಿ ಎಣ್ಣೆಯನ್ನು ನೇರವಾಗಿ ಕ್ರ್ಯಾಂಕಿನ ಬೇರಿಂಗುಗಳಿಗೇ ಮುಟ್ಟಿಸಿತು, ಕವಾಸಾಕಿ 'ಇಂಜೆಕ್ಟೊಲ್ಯೂಬ್' ಎಂದಿತು. ಹೆಸರು ಬೇರೆ, ಎಣ್ಣೆ ಬೀಳುವ ಜಾಗ ಬೇರೆ, ತತ್ವ ಒಂದೇ.

ಆ ತತ್ವವನ್ನು ಯಮಹಾ ಪಂಪಿನಲ್ಲೇ ನೋಡೋಣ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಸಾಧನ, ಕಿಕ್ಕರ್ ಇರುವ ಬದಿಯ ಎಂಜಿನ್ ಕವರಿನ ಮುಂಭಾಗದಲ್ಲಿ ಒಂದು ಪುಟ್ಟ ಮುಚ್ಚಳದ ಹಿಂದೆ ಕೂತಿರುತ್ತದೆ. ಎಂಜಿನ್ ತಿರುಗಿದಂತೆ ಗೇರ್ ಮೂಲಕ ಅದೂ ತಿರುಗುತ್ತದೆ, ವರ್ಮ್ ಗೇರ್ ಅದರ ವೇಗವನ್ನು ಬಹಳ ತಗ್ಗಿಸುತ್ತದೆ. ಒಳಗೆ ಒಂದು ಸಣ್ಣ ಪ್ಲಂಜರ್ ಹಿಂದೆ ಮುಂದೆ ಆಡುತ್ತ ಪ್ರತಿ ಸಲ ಒಂದಿಷ್ಟು ಎಣ್ಣೆ ಎಳೆದು ತಳ್ಳುತ್ತದೆ. ಎಂಜಿನ್ ವೇಗ ಹೆಚ್ಚಿದರೆ ಈ ಆಟವೂ ಹೆಚ್ಚು, ಎಣ್ಣೆಯೂ ಹೆಚ್ಚು. ಇದು ಅರ್ಧ ಲೆಕ್ಕ.

ಉಳಿದರ್ಧ ಕೇಬಲಿನಲ್ಲಿದೆ. ಹ್ಯಾಂಡಲ್‌ನ ಆಕ್ಸಿಲರೇಟರ್ ಹಿಡಿಯಿಂದ ಹೊರಟ ಒಂದು ಕೇಬಲ್ ಟ್ಯಾಂಕಿನ ಕೆಳಗೆಲ್ಲೋ ಒಂದು ಚಿಕ್ಕ ಪ್ಲಾಸ್ಟಿಕ್ ಗೂಡಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ಕಾರ್ಬುರೇಟರಿಗೆ, ಇನ್ನೊಂದು ಪಂಪಿನ ಪುಲ್ಲಿಗೆ. ಹಿಡಿ ತಿರುಗಿಸಿದಷ್ಟೂ ಪುಲ್ಲಿ ತಿರುಗುತ್ತದೆ, ಪುಲ್ಲಿಯ ಅಂಚಿನ ಏರಿಳಿತ ಪ್ಲಂಜರ್ ಎಷ್ಟು ದೂರ ಚಲಿಸಬಹುದೆಂದು ನಿರ್ಧರಿಸುತ್ತದೆ. ಆಕ್ಸಿಲರೇಟರ್ ಬಿಟ್ಟಿದ್ದಾಗ ಆ ಚಲನೆ 0.20ರಿಂದ 0.25 ಮಿ.ಮೀ., ಅಂದರೆ ಎರಡು ಮೂರು ಕಾಗದದ ಹಾಳೆಗಳಷ್ಟು ದಪ್ಪ. ಪೂರ್ತಿ ಎಳೆದಾಗ ಸುಮಾರು 2 ಮಿ.ಮೀ. ವೇಗ ಮತ್ತು ಭಾರ, ಎರಡನ್ನೂ ಗುಣಿಸಿ ಉತ್ತರ ಕೊಡುವ ಯಂತ್ರ ಇದು, ಅದೂ ಒಂದೂ ತಂತಿ, ಬ್ಯಾಟರಿ ಇಲ್ಲದೆ. ಇಂಥ ಕಡೆ ಜಪಾನಿಯರ ಎಂಜಿನಿಯರಿಂಗ್ ಬುದ್ಧಿಗೆ ತಲೆದೂಗದೆ ಇರಲಾಗುವುದಿಲ್ಲ.

ಇಳಿಜಾರಿಗೆ ಬನ್ನಿ. ಆಕ್ಸಿಲರೇಟರ್ ಬಿಟ್ಟಿದೆ, ಪೆಟ್ರೋಲ್ ನಿಂತಿದೆ, ಆದರೆ ಎಂಜಿನ್ ತಿರುಗುತ್ತಲೇ ಇದೆ, ಜೊತೆಗೆ ಪಂಪೂ. ಕನಿಷ್ಠ ಚಲನೆಯಲ್ಲೇ ಆದರೂ ವೇಗಕ್ಕೆ ತಕ್ಕಂತೆ ಎಣ್ಣೆ ಬೀಳುತ್ತಲೇ ಇರುತ್ತದೆ. ಆಟೊಲ್ಯೂಬ್ ಎಂದರೆ ಬಂಕಿನಲ್ಲಿ ಎಣ್ಣೆ ಅಳೆಯುವ ಕಿರಿಕಿರಿ ತಪ್ಪಿಸುವ ಸೌಕರ್ಯ ಎಂದಷ್ಟೇ ಜಾಹೀರಾತುಗಳು ಹೇಳಿದವು. ನನ್ನ ಮಟ್ಟಿಗೆ ಅದು ಎರಡನೇ ಲಾಭ. ಎಣ್ಣೆಯನ್ನು ಪೆಟ್ರೋಲಿನ ಬಾಲದಿಂದ ಬಿಡಿಸಿ ಕ್ರ್ಯಾಂಕಿನ ತಿರುಗಾಟಕ್ಕೆ ಕಟ್ಟಿದ್ದು ಮೊದಲನೆಯದು.

ನಮ್ಮ ಕಡೆಗೆ ಇದು ಬಂದ ಬಗೆ ಸ್ವಾರಸ್ಯವಾಗಿದೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಸತೊಡಗಿದಾಗ ಅವೆಲ್ಲ ಅಪ್ಪಟ ಮಿಕ್ಸ್ ಗಾಡಿಗಳು. ಚೆಕೊಸ್ಲೊವಾಕಿಯಾದ ಮೂಲ ಜಾವಾ ಮುಂದೆ ತನ್ನ ಕೆಲವು ಬೈಕುಗಳಿಗೆ 'ಆಯಿಲ್‌ಮಾಸ್ಟರ್' ಪಂಪ್ ಜೋಡಿಸಿತು. ಮೈಸೂರಿನವರೂ ಯೆಜ್ಡಿ ಹೆಸರಿನಲ್ಲಿ 'ಆಯಿಲ್‌ಕಿಂಗ್' ಎಂಬ ಪಂಪ್ ಇರುವ ಮಾದರಿ ತಂದರು. ಹೆಸರಿನಲ್ಲಿ ರಾಜನಾದರೂ ಅದು ಹೆಚ್ಚು ಕಾಲ ಆಳಲಿಲ್ಲ. ಇಂದು ಹುಡುಕಿದರೆ ಪಂಪ್ ಸಮೇತ ಉಳಿದ ಆಯಿಲ್‌ಕಿಂಗ್ ಸಿಗುವುದು ಅಪರೂಪ. ಯೆಜ್ಡಿಯ ಅತಿ ಜನಪ್ರಿಯ ಮಾದರಿ ರೋಡ್‌ಕಿಂಗ್ ಮತ್ತೆ ಮಿಕ್ಸ್‌ಗೇ ಮರಳಿತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕುವವರೆಗೂ ಮೈಸೂರು ಗಾಡಿಗಳೆಂದರೆ ಟ್ಯಾಂಕಿಗೆ ಎಣ್ಣೆ ಸುರಿಯುವ ಗಾಡಿಗಳೇ.

ಪಂಪನ್ನು ಭಾರತದ ಬೀದಿಗೆ ತಂದು ನಿಲ್ಲಿಸಿದ್ದು 1980ರ ದಶಕದ ಜಪಾನಿ ಸಹಯೋಗಗಳು. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ತಂದ ರಾಜದೂತ್ 350, ಅಂದರೆ ಯಮಹಾ ಆರ್‌ಡಿ 350ರ ದೇಸಿ ರೂಪ, ಎರಡು ಸಿಲಿಂಡರಿಗೂ ಎಣ್ಣೆ ಹಂಚುವ ಆಟೊಲ್ಯೂಬ್ ಹೊತ್ತು ಬಂತು. ಗೇರಿಲ್ಲದ ಕೈನೆಟಿಕ್ ಹೋಂಡಾ ಸ್ಕೂಟರಿನಲ್ಲಿ ಎಣ್ಣೆಗೇ ಬೇರೆ ಟ್ಯಾಂಕು, ಮುಗಿಯುತ್ತ ಬಂದರೆ ಎಚ್ಚರಿಸುವ ದೀಪ. 1985ರ ಕೊನೆಗೆ ಬಂದ ಯಮಹಾ ಆರ್‌ಎಕ್ಸ್ 100 ಬಗ್ಗೆ ಕರ್ನಾಟಕದಲ್ಲಿ ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ. 98 ಸಿಸಿ, 11 ಬಿಎಚ್‌ಪಿ, ಅದರ ಸದ್ದಿಗೆ ಸೋತವರು ಬೀದಿಗೊಬ್ಬರು. ಅದರ ಪಕ್ಕದ ಪ್ಯಾನೆಲ್ಲಿನ ಒಳಗೆ ಎಣ್ಣೆ ಟ್ಯಾಂಕಿದೆ ಎಂಬುದು ಮಾತ್ರ ಈಗಿನ ಎಷ್ಟೋ ಮಾಲೀಕರಿಗೆ ಲೆಕ್ಕಕ್ಕಿಲ್ಲ. ಯಾಕೆಂದರೆ ಅವರ ಗಾಡಿಯಿಂದ ಪಂಪ್ ಎಂದೋ ಮಾಯವಾಗಿದೆ.

ಪಂಪ್ ಕಿತ್ತು ಮಿಕ್ಸ್ ಮಾಡಿಕೊಳ್ಳುವುದು ಆರ್‌ಎಕ್ಸ್ ಪ್ರಿಯರಲ್ಲಿ ಒಂದು ವ್ರತದ ಹಾಗೆ ನಡೆದುಬಂದಿದೆ. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಈ ಮಾತು ನನ್ನ ಎದುರಿಗೇ ನಡೆಯಿತು. ಗಾಡಿ ತಂದವನು ಇಪ್ಪತ್ತರ ಆಸುಪಾಸಿನ ಹುಡುಗ, ಮೆಕ್ಯಾನಿಕ್ ಅರವತ್ತರ ಹತ್ತಿರದವರು.

"ಅಣ್ಣಾ, ಪಂಪ್ ತೆಗ್ಸಿ ಮಿಕ್ಸ್ ಮಾಡ್ಕೊಂಡ್ರೆ ಒಳ್ಳೇದಂತೆ, ಎಲ್ರೂ ಹೇಳ್ತಾರೆ."

"ಎಲ್ರೂ ಹೇಳ್ತಾರೆ ಕಣಪ್ಪ. ಪಂಪ್ ಕೆಟ್ಟಿರೋದನ್ನ ಯಾರಾದ್ರೂ ನೋಡಿದ್ದಾರಾ, ಕೇಳು."

"ಕೆಟ್ರೆ ಗೊತ್ತೇ ಆಗಲ್ವಲ್ಲಣ್ಣ, ಅದೇ ಭಯ."

"ಹಂಗನ್ನು, ಅದು ಸರಿ. ಬಾ ಇಲ್ಲಿ, ಗೊತ್ತು ಮಾಡ್ಕೊಳ್ಳೋದು ಹೆಂಗೆ ಅಂತ ತೋರಿಸ್ತೀನಿ."

ಅವರು ಎರಡು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಬಟ್ಟೆಯಿಂದ ಜಿಡ್ಡು ಒರೆಸಿದಾಗ ಪುಲ್ಲಿಯ ಮೇಲೆ ಒಂದು ಗುರುತು, ಅದರೆದುರು ಒಂದು ಪಿನ್ನು ಕಂಡವು. ಹುಡುಗನ ಕೈಯಲ್ಲಿ ಆಕ್ಸಿಲರೇಟರ್‌ನ ಸಡಿಲವಷ್ಟೇ ಹೋಗುವಂತೆ ಹಿಡಿಸಿದರು. ಗುರುತು ಪಿನ್ನಿಗೆ ನೇರ ಬರಬೇಕಿತ್ತು, ಕಾಲಿಂಚಿನಷ್ಟು ಹಿಂದೆಯೇ ನಿಂತಿತ್ತು. ವರ್ಷಗಳಿಂದ ಹಿಗ್ಗಿದ ಕೇಬಲು. ಅಂದರೆ ಕಾರ್ಬುರೇಟರ್ ತೆರೆದಷ್ಟು ಪಂಪ್ ತೆರೆಯುತ್ತಿರಲಿಲ್ಲ, ಪ್ರತಿ ವೇಗದಲ್ಲೂ ಎಂಜಿನ್ನಿಗೆ ಎಣ್ಣೆ ಸ್ವಲ್ಪ ಕಡಿಮೆಯೇ ಬೀಳುತ್ತಿತ್ತು. ಅಡ್ಜಸ್ಟರ್ ನಾಲ್ಕು ಸುತ್ತು ಬಿಗಿದರು, ಸರಿಹೋಯಿತು. ಆಮೇಲೆ ಎಣ್ಣೆ ಪೈಪಿಗೆ ಟಾರ್ಚ್ ಹಿಡಿದರು. ಹಳದಿಗಟ್ಟಿದ ಪಾರದರ್ಶಕ ಪೈಪಿನೊಳಗೆ ಅಕ್ಕಿಕಾಳಿನಷ್ಟು ಉದ್ದದ ಗಾಳಿಗುಳ್ಳೆ ನಿಂತಿತ್ತು. "ನೋಡು, ಇದು ನಿನ್ ಗಾಡಿ ಸಾಯಿಸೋದು, ಪಂಪ್ ಅಲ್ಲ" ಎಂದು ಬ್ಲೀಡ್ ಸ್ಕ್ರೂ ಸಡಿಲಿಸಿದರು. ಎಣ್ಣೆ ಬಸಿದು, ಗುಳ್ಳೆ ಹೊರಬಂದು, ಬರೀ ಎಣ್ಣೆ ಇಳಿಯುವ ತನಕ ಕಾದು ಮತ್ತೆ ಬಿಗಿದರು.

ಹುಡುಗನ ಭಯ ಪೂರ್ತಿ ಹುಸಿಯಲ್ಲ ಎಂಬುದನ್ನೂ ಒಪ್ಪಬೇಕು. ಮಿಕ್ಸ್ ಗಾಡಿಯಲ್ಲಿ ಪೆಟ್ರೋಲ್ ಇದ್ದರೆ ಎಣ್ಣೆ ಇದ್ದೇ ಇರುತ್ತದೆ, ಎರಡೂ ಒಟ್ಟಿಗೇ ಮುಗಿದು ಗಾಡಿ ಸುಮ್ಮನೆ ನಿಲ್ಲುತ್ತದೆ. ಪಂಪ್ ಗಾಡಿಯಲ್ಲಿ ಎಣ್ಣೆ ಮುಗಿದರೂ ಎಂಜಿನ್ ಓಡುತ್ತಲೇ ಇರುತ್ತದೆ. ಒಂದಷ್ಟು ದೂರ ಇನ್ನೂ ಚುರುಕಾಗಿ ಓಡುತ್ತಿದೆಯೇನೋ ಅನ್ನಿಸುತ್ತದೆ, ಆಮೇಲೆ ಪಿಸ್ಟನ್ ಹೋಗುತ್ತದೆ. ಎಣ್ಣೆ ಟ್ಯಾಂಕು ತುಂಬಿಸುವುದನ್ನು ಮರೆಯುವ ಮಾಲೀಕನಿಗೆ ಮಿಕ್ಸೇ ವಾಸಿ. ರೇಸ್ ಟ್ರ್ಯಾಕಿನಲ್ಲಿ ಸದಾ ಪೂರ್ತಿ ಎಳೆಯುವವರಿಗೂ ಮಿಕ್ಸ್ ಸಾಕು, ಅಲ್ಲಿ ಬದಲಾಗುವ ಅಗತ್ಯವೇ ಇಲ್ಲವಲ್ಲ. ಊರು, ಹೆದ್ದಾರಿ, ಘಾಟಿ ಎಲ್ಲ ಸುತ್ತುವ ಗಾಡಿಯಿಂದ ಪಂಪ್ ಕೀಳುವುದು ಮಾತ್ರ ನನಗೆ ಸರಿಕಾಣದು.

ಇನ್ನೊಂದು ಅನ್ಯಾಯದ ಆರೋಪವೂ ಪಂಪಿನ ಮೇಲಿದೆ: 'ಪಂಪ್ ಜಾಸ್ತಿ ಎಣ್ಣೆ ಬಿಡ್ತಿದೆ, ಅದಕ್ಕೇ ಹೊಗೆ.' ಎಷ್ಟೋ ಸಲ ಕಳ್ಳ ಬೇರೆಯೇ ಇರುತ್ತಾನೆ. ಕ್ರ್ಯಾಂಕಿನ ಕ್ಲಚ್ ಬದಿಯ ಆಯಿಲ್ ಸೀಲ್ ಗಟ್ಟಿಯಾಗಿ ಸೀಳಿದ್ದರೆ ಎಂಜಿನ್ ಪಕ್ಕದ ಗೇರ್‌ಬಾಕ್ಸಿನ ಎಣ್ಣೆಯನ್ನೇ ಹೀರಿ ಸುಡುತ್ತದೆ. ಗೇರ್ ಆಯಿಲ್ ಪ್ರತ್ಯೇಕ, ಅದು ಸುಡಲೆಂದು ಮಾಡಿದ ಎಣ್ಣೆಯಲ್ಲ. ದಟ್ಟ ಬಿಳಿ ಹೊಗೆ, ಕಟು ವಾಸನೆ, ಗೇರ್‌ಬಾಕ್ಸಿನಲ್ಲಿ ಎಣ್ಣೆ ಮಟ್ಟ ಇಳಿಕೆ, ಇವು ಮೂರೂ ಕಂಡರೆ ಪಂಪನ್ನು ಬಯ್ಯುವುದು ಬಿಟ್ಟು ಸೀಲ್ ಬದಲಿಸಬೇಕು.

ಹೊಗೆಯೇ ಕೊನೆಗೆ ಟೂ ಸ್ಟ್ರೋಕ್‌ನ ಕಾಲ ಮುಗಿಸಿತು. ಬಂಕಿನಲ್ಲಿ ಬಿಡಿಯಾಗಿ ಮಾರುವ 2ಟಿ ಎಣ್ಣೆಯ ಅಳತೆಗೂ ಗುಣಮಟ್ಟಕ್ಕೂ ಭರವಸೆ ಇಲ್ಲವೆಂದು ದಿಲ್ಲಿಯಲ್ಲಿ 1998ರ ಡಿಸೆಂಬರ್ ಅಂತ್ಯದಿಂದ ಅದನ್ನು ನಿಲ್ಲಿಸಿ, ಯಂತ್ರವೇ ಅಳೆದು ಬೆರೆಸಿ ಕೊಡುವ ಏರ್ಪಾಡು ಮಾಡಿದರು. ಪಂಪ್ ಇದ್ದ ಗಾಡಿಗಳಿಗೆ ಆ ಗೊಡವೆ ಇರಲಿಲ್ಲ. ಆದರೆ ಪಂಪ್ ಎಣ್ಣೆಯನ್ನು ಮಿತಗೊಳಿಸಬಲ್ಲದೇ ಹೊರತು, ಸುಡದೆಯೇ ಸೈಲೆನ್ಸರಿಗೆ ನುಸುಳುವ ಪೆಟ್ರೋಲನ್ನು ತಡೆಯಲಾರದು. ಹೊಸ ಮಿಶ್ರಣ ಒಳಗೆ ಬರುವಾಗ ಹೊಗೆ ಹೋಗುವ ಬಾಗಿಲೂ ತೆರೆದೇ ಇರುವುದು ಈ ಎಂಜಿನ್ನಿನ ಹುಟ್ಟುಗುಣ. ನಿಯಮಗಳು ಬಿಗಿಯಾದಂತೆ ರಸ್ತೆಯ ಬೈಕುಗಳೆಲ್ಲ ಫೋರ್ ಸ್ಟ್ರೋಕ್ ಆದವು.

ಆದರೂ ಪಂಪಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆಸ್ಟ್ರಿಯಾದ ಕೆಟಿಎಂ 2018ರ ಮಾದರಿಗಳಿಂದ ತನ್ನ ಟೂ ಸ್ಟ್ರೋಕ್ ಎಂಡ್ಯೂರೊ ಬೈಕುಗಳಲ್ಲಿ ಕಾರ್ಬುರೇಟರ್ ಬಿಟ್ಟು, ಸಿಲಿಂಡರಿನ ಪಕ್ಕದ ದಾರಿಗಳಲ್ಲೇ ಪೆಟ್ರೋಲ್ ಸಿಂಪಡಿಸತೊಡಗಿತು. ಆಗ ಪೆಟ್ರೋಲ್ ಕ್ರ್ಯಾಂಕಿನ ಬೇರಿಂಗುಗಳ ಹತ್ತಿರ ಮೊದಲಿನಂತೆ ಸುಳಿಯುವುದಿಲ್ಲ, ಹಾಗಾಗಿ ಪೆಟ್ರೋಲಿಗೆ ಎಣ್ಣೆ ಬೆರೆಸಿ ಪ್ರಯೋಜನವೂ ಇಲ್ಲ. ಪಂಪ್ ಅನಿವಾರ್ಯವಾಯಿತು. ಈಗ ಅದನ್ನು ನಡೆಸುವುದು ಕೇಬಲ್ ಅಲ್ಲ, ಕಂಪ್ಯೂಟರ್. ವೇಗ ಮತ್ತು ಭಾರ ನೋಡಿ ಅದು ಕೊಡುವ ಎಣ್ಣೆ ಸರಾಸರಿ 1:80ರ ಆಸುಪಾಸು. 1964ರ ಆ ಪುಟ್ಟ ಪ್ಲಂಜರ್ ಮಾಡುತ್ತಿದ್ದ ಗುಣಾಕಾರವನ್ನೇ ಇದೂ ಮಾಡುವುದು, ಇನ್ನಷ್ಟು ನಿಖರವಾಗಿ.

ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಆರ್‌ಎಕ್ಸ್ ಅಥವಾ ಆರ್‌ಡಿಯನ್ನು ಎಬ್ಬಿಸಲು ಹೊರಟವರಿಗೆ ಒಂದು ಮಾತು. ಪಂಪಿನಿಂದ ಎಂಜಿನ್ನಿಗೆ ಹೋಗುವ ತುದಿಯಲ್ಲಿ ಸ್ಪ್ರಿಂಗು ಮತ್ತು ಗುಂಡಿನ ಒಂದು ಚೆಕ್ ವಾಲ್ವ್ ಇರುತ್ತದೆ. ಕೊಳೆ ಕೂತು ಅದು ಸರಿಯಾಗಿ ಮುಚ್ಚದಿದ್ದರೆ ಟ್ಯಾಂಕಿನ ಎಣ್ಣೆಯೆಲ್ಲ ನಿಧಾನವಾಗಿ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ, ಮೊದಲ ಕಿಕ್ಕಿಗೆ ಕೇರಿಯೇ ಮುಸುಕುವಷ್ಟು ಹೊಗೆ ಬರುತ್ತದೆ. ಹೆದರಬೇಕಿಲ್ಲ. ಹೆದರಬೇಕಾದ್ದು ಪೈಪ್ ಗಟ್ಟಿಯಾಗಿ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದ್ದರೆ. ಎರಡು ಪೈಪು ಹೊಸದು ಹಾಕಿಸಿ, ಟ್ಯಾಂಕಿನ ತಳದ ಗಸಿ ತೊಳೆಸಿ, ಪಂಪ್ ಬ್ಲೀಡ್ ಮಾಡಿಸಿ, ಗುರುತು ಪಿನ್ನಿಗೆ ಕೂರಿಸಿ. ಪಂಪ್ ಕೆಲಸ ಮಾಡುತ್ತಿದೆಯೆಂದು ಎಣ್ಣೆಯ ಮಟ್ಟ ಇಳಿದು ಖಾತ್ರಿಯಾಗುವ ತನಕ, ಮೊದಲ ಒಂದು ಟ್ಯಾಂಕ್ ಪೆಟ್ರೋಲಿಗೆ ಲೀಟರಿಗೆ 20 ಮಿ.ಲೀ. ಎಣ್ಣೆಯನ್ನೂ ಬೆರೆಸಿಬಿಡಿ. ನಾಲ್ಕು ದಿನ ಹೊಗೆ ಜಾಸ್ತಿ ಬರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.